‘ಅಂತಿಟ್ಕೊಳ್ಳಿ’ ವಕೀಲರು

ಜಗಳ ಬಿಡಿಸುವ ವಕೀಲರನ್ನು ಎಲ್ಲರೂ ನೋಡಿರುತ್ತಾರೆ. ಇವರು ಜಗಳ ಆಡಿಸುವ ವಕೀಲರು. ಜೊತೆಗೂಡಿ ಸಣ್ಣದೊಂದು ವ್ಯಾಪಾರ ಶುರುಮಾಡಬೇಕೆಂದು ನಗುನಗುತ್ತಾ ಮೆಟ್ಟಿಲು ಹತ್ತಿ ಬಂದವರನ್ನು ಎದುರುಬದುರು ಕೂರಿಸಿ, ತಾವು ಕಿಟಕಿಯ ಪಕ್ಕದ ಕುರ್ಚಿಗೆ ಸರಿದು, ಒಂದು ಕಿತ್ತಳೆ ಹಣ್ಣು ಕೈಗೆತ್ತಿಕೊಂಡು, ‘ಶುರು ಮಾಡಿ’ ಎನ್ನುತ್ತಾರೆ. ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುಂದೆಂದೋ ಆಡಲಿರುವ ಜಗಳವನ್ನು ಈಗಲೇ, ತಮ್ಮೆದುರಿಗೇ, ಬಾಯಿತುಂಬ ಆಡಿ ಮುಗಿಸಬೇಕು ಎಂಬುದು ಅವರ ಷರತ್ತು. ಅಲ್ಲಿಯವರೆಗೆ ಅವರು ಕರಾರಿಗೆ ಪೆನ್ನು ಮುಟ್ಟಿಸುವುದಿಲ್ಲ. ಹಣ್ಣು ಸುಲಿಯುತ್ತಾ ಕೇಳಿಸಿಕೊಳ್ಳುತ್ತಾರೆ, ನಡುನಡುವೆ ಪೆನ್ಸಿಲಿನಲ್ಲಿ ಏನೋ ಗೀಚುತ್ತಾರೆ; ಆಡಿದ ಒಂದೊಂದು ಜಗಳವೂ ಕರಾರಿನ ಒಂದೊಂದು ಕಲಮಾಗುತ್ತದೆ. ಕೊನೆಗೆ ತೊಳೆಗಳನ್ನು ಸಮನಾಗಿ ಹಂಚಿ, ಕಣ್ಣು ಒರೆಸಿಕೊಳ್ಳುತ್ತಿರುವವರ ಕೈಗಿಡುತ್ತಾರೆ.

ಸಣ್ಣ ಉದ್ದಿಮೆಗಳ ಬಗ್ಗೆ ಬರೆಯಲೆಂದು ನಾನು ಅವರ ಕೋಣೆಗೆ ಹೋಗಿ ಬಂದು ಮಾಡುತ್ತಿದ್ದ ಕಾಲವೊಂದಿತ್ತು. ಕೀಲಿಕೈ ಮಾಡಿಕೊಡುವ ಅಂಗಡಿಯ ಮೇಲಿನ ಕೋಣೆ ಅದು. ಕೆಳಗೆ ಕಬ್ಬಿಣ ಉಜ್ಜುವ ಸದ್ದು ಶುರುವಾದರೆ ಮೇಲೆ ಮಾತು ನಿಲ್ಲಬೇಕು. ಅವರು ಯಾವ ಕುರ್ಚಿಯಲ್ಲೂ ಒಮ್ಮೆ ಅಲುಗಿಸಿ ನೋಡದೆ ಕೂತವರಲ್ಲ. ಒಂದೇ ದಿಕ್ಕಿಗೆ ವಾಹನ ಹೋಗುವ ರಸ್ತೆಯನ್ನು ದಾಟುವಾಗಲೂ ಎರಡೂ ಕಡೆ ಕತ್ತು ಹೊರಳಿಸುತ್ತಾರೆ. ಅವರ ಕರಿಕೋಟಿನ ಜೇಬುಗಳನ್ನೆಲ್ಲ ಅವರೇ ಸೂಜಿದಾರ ಹಿಡಿದು ಹೊಲಿದು ಮುಚ್ಚಿದ್ದಾರೆ. ಕಕ್ಷಿದಾರರ ಕಾಗದ ಜೇಬಿಗೆ ಹೋಗಿ ಅಲ್ಲೇ ಮರೆತುಹೋಯಿತು ಅಂತಿಟ್ಕೊಳ್ಳಿ ಎಂಬುದು ಅದಕ್ಕೆ ಕೊಡುವ ಕಾರಣ. ಹೀಗಾಗಿ ಕನ್ನಡಕ, ಕರ್ಚೀಫು, ಬಸ್ಸಿನ ಚೀಟಿ ಎಲ್ಲವೂ ಸದಾ ಕೈಯಲ್ಲೇ. ದೂರದಿಂದ ನೋಡಿದವರಿಗೆ, ಬೇರೆ ಯಾರದೋ ಸಾಮಾನು ಹಿಡಿದುಕೊಂಡು ಅವರ ದಾರಿ ಕಾಯುತ್ತಿರುವ ಮನುಷ್ಯನಂತೆ ಕಾಣುತ್ತಾರೆ. ‘ಅಂತಿಟ್ಕೊಳ್ಳಿ’ ಎನ್ನದೆ ಅವರ ಒಂದು ಮಾತೂ ಮುಗಿಯದಾದ್ದರಿಂದ ಅದೇ ಅವರ ಹೆಸರಾಯಿತು. ಕೀಲಿಕೈಯವನು ಕೂಡ ‘ಅಂತಿಟ್ಕೊಳ್ಳಿಯೋರು ಮೇಲಿದಾರೆ, ಹೋಗಿ’ ಎಂದೇ ಜನರನ್ನು ಮೆಟ್ಟಿಲು ಹತ್ತಿಸುತ್ತಿದ್ದ. ಮದುವೆಗೆ ಮುಂಚೆ ತನ್ನ ಜೊತೆ ಈ ಜಗಳದ ಶಾಸ್ತ್ರ ಮಾಡದೆ ಬಿಟ್ಟದ್ದಕ್ಕೇ ತಾನೀಗ ದಿನಾ ಬಾಕಿ ತೀರಿಸುತ್ತಿದ್ದೇನೆ ಎಂದು ಅವರ ಹೆಂಡತಿ ಬಂದವರೆದುರು ಹೇಳುವುದುಂಟು.

ಈ ಹಟ ಎಲ್ಲಿಂದ ಬಂತೆಂದು ಕೇಳಿದಾಗ ಒಮ್ಮೆ ಮಾತ್ರ ಹೇಳಿದರು. ಅವರ ತಂದೆ ಮತ್ತು ಚಿಕ್ಕಪ್ಪ ಸೇರಿ ಒಂದು ಮುದ್ರಣಾಲಯ ನಡೆಸುತ್ತಿದ್ದರಂತೆ. ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ ಎಂದು ಎಲ್ಲವೂ ಬಾಯಿಮಾತಿನಲ್ಲೇ. ಮುರಿದುಬಿದ್ದಾಗ ಯಂತ್ರಗಳನ್ನು ಹಂಚಿಕೊಂಡರು, ಅಚ್ಚಿನ ಮೊಳೆಗಳನ್ನೂ ತೂಗಿ ಹಂಚಿಕೊಂಡರು. ಹೆಸರನ್ನು ಹಂಚಲು ಬರಲಿಲ್ಲ. ನೀನೂ ಇಡಬೇಡ, ನಾನೂ ಇಡುವುದಿಲ್ಲ ಎಂದು ಇಬ್ಬರೂ ಬಿಟ್ಟರು. ಬಿಟ್ಟ ಹೆಸರನ್ನು ಸಂಬಂಧವೇ ಇಲ್ಲದ ಮೂರನೆಯವನೊಬ್ಬ ಎತ್ತಿಕೊಂಡು ಅದೇ ಬೀದಿಯಲ್ಲಿ ಬೋರ್ಡು ಹಾಕಿದ. ಅಣ್ಣತಮ್ಮಂದಿರು ಸಾಯುವವರೆಗೂ ಆ ಬೋರ್ಡಿನ ಕೆಳಗೇ ಓಡಾಡಿದರು, ಒಬ್ಬರನ್ನೊಬ್ಬರು ಮಾತನಾಡಿಸದೆ.

ಅವರ ಪದ್ಧತಿ ಕೈಕೊಟ್ಟದ್ದನ್ನು ನಾನು ಒಂದೇ ಸಲ ನೋಡಿದೆ. ಅದು ಇಬ್ಬರು ವಾರಗಿತ್ತಿಯರ ವಿಷಯದಲ್ಲಿ.

ಒಂದೇ ಮನೆಯ ಕೆಳಗೂ ಮೇಲೂ ಸಂಸಾರ ಹೂಡಿದ್ದ ಆ ಇಬ್ಬರಲ್ಲಿ ಹಿರಿಯಾಕೆಗೆ ಜೇನುಮೇಣ ಕಾಯಿಸಿ, ಎಣ್ಣೆ ಬೆರೆಸಿ, ಮರದ ಸಾಮಾನಿಗೆ ಹಚ್ಚುವ ಪಾಲಿಶ್ ಮಾಡುವುದು ಗೊತ್ತಿತ್ತು. ಕಿರಿಯಾಕೆಗೆ ಅದನ್ನು ಡಬ್ಬಿಗೆ ತುಂಬಿ, ಅಂಗಡಿ ಅಂಗಡಿ ತಿರುಗಿ, ಬೇಡ ಅಂದವರಿಗೂ ಒಂದು ಡಬ್ಬಿ ಕೊಟ್ಟು ಬರುವುದು ಗೊತ್ತಿತ್ತು. ವ್ಯಾಪಾರ ಕುದುರತೊಡಗಿದಾಗ ಇಬ್ಬರೂ ಒಂದೇ ಚೀಲ ಹಿಡಿದುಕೊಂಡು ವಕೀಲರ ಬಳಿ ಬಂದರು. ‘ಶುದ್ಧ ಹೊಳಪು’ ಎಂದು ಹೆಸರಿಡೋಣವೇ ಎಂದು ಕೇಳಿದರು. ಹೊಳಪು ಎನ್ನುವುದು ಪಾಲಿಶ್ ಮಾಡುವವರೆಲ್ಲ ಹೇಳಲೇಬೇಕಾದ ಮಾತು, ಅದಕ್ಕೆ ಬೇಲಿ ಹಾಕಿಕೊಳ್ಳಲು ಯಾವ ಕಚೇರಿಯೂ ಸುಲಭಕ್ಕೆ ಬಿಡುವುದಿಲ್ಲ, ಸಾಮಾನನ್ನು ವರ್ಣಿಸದ ಹೆಸರು ತನ್ನಿ ಎಂದು ವಕೀಲರು ಹೇಳಿದರು. ಕಿರಿಯಾಕೆ ಕೂತಲ್ಲೇ ಅಂದಳು, ‘ಅತ್ತೆ ಮೇಜು’. ಅವರು ಮೊದಲು ಪಾಲಿಶ್ ಹಚ್ಚಿ ನೋಡಿದ್ದು ಅತ್ತೆಯ ಹಳೇ ಮೇಜಿಗೆ. ವಕೀಲರು ಅಪರೂಪಕ್ಕೆ ನಕ್ಕರು.

ಆ ಹೆಸರಿನ ಡಬ್ಬಿಗಳು ಕೆಲವು ವಾರ ಅಂಗಡಿಗಳಿಗೆ ಹೋದ ಮೇಲೆ, ಕರಾರಿಗೆಂದು ಇಬ್ಬರೂ ಅದೇ ಚೀಲ ಹಿಡಿದು ಮತ್ತೆ ಬಂದಾಗ ಪಾಠ ಶುರುವಾಯಿತು. ಬರೀ ಪಾಲುದಾರಿಕೆಯಾದರೆ ಒಬ್ಬಳು ವ್ಯಾಪಾರಕ್ಕೆಂದು ಮಾಡಿದ ಸಾಲ ಇನ್ನೊಬ್ಬಳ ಬಾಗಿಲನ್ನೂ ತಟ್ಟುತ್ತದೆ, ಕಂಪನಿಯಾದರೆ ಹಾಗಲ್ಲ.

‘ಕಂಪನಿ ಅಂದ್ರೆ ಮನೆಗೆ ಬಂದ ಮೂರನೇ ವಾರಗಿತ್ತಿ ಅಂತಿಟ್ಕೊಳ್ಳಿ,’ ಎಂದರು. ‘ಅವಳ ಸಾಲ ಅವಳದು, ಅವಳ ಆಸ್ತಿ ಅವಳದು. ನೀವಾಗಿ ಹೋಗಿ ಜಾಮೀನು ಹಾಕಿದ್ರೆ ಮಾತ್ರ ನಿಮ್ಮ ಕೊರಳಿಗೆ ಬರುತ್ತೆ.’

ಕಂಪನಿ ನೋಂದಣಿಯಾದ ಮಾತ್ರಕ್ಕೆ ಡಬ್ಬಿಯ ಮೇಲಿನ ಹೆಸರು ತಮ್ಮದಾಯಿತೆಂದು ನಂಬಿ ಕೂರಬಾರದು, ಅದಕ್ಕೆ ಬೇರೆ ಕಚೇರಿ, ಬೇರೆ ಅರ್ಜಿ, ಮತ್ತು ಅಲ್ಲಿ ಅರ್ಜಿ ಹಾಕಿದ ತಾರೀಖಿಗೆ ತೂಕ ಹೆಚ್ಚು ಎಂದೂ ಹೇಳಿದರು. ಇಬ್ಬರೂ ತಲೆಯಾಡಿಸಿದರು. ನಂತರ ಅವರು ಕಿಟಕಿಗೆ ಸರಿದು ಹಣ್ಣು ಕೈಗೆತ್ತಿಕೊಂಡರು. ‘ನಾಳೆ ನೀವಿಬ್ರೂ ಬೇರೆ ಆದ್ರಿ ಅಂತಿಟ್ಕೊಳ್ಳಿ. ಹೆಸರು ಯಾರ್ದು?’

ಮೊದಮೊದಲು ಅದು ಆಟದಂತೆಯೇ ಇತ್ತು. ಹೆಸರು ಹೊಳೆದದ್ದು ತನಗೆ ಎಂದು ಕಿರಿಯಾಕೆ ಅಂದಳು. ಮೇಜು ಇರುವುದು ತನ್ನ ಪಡಸಾಲೆಯಲ್ಲಿ ಎಂದು ಹಿರಿಯಾಕೆ. ಪಾಲಿಶ್ ಇಲ್ಲದೆ ಹೆಸರು ಹಚ್ಚಿದರೆ ಮೇಜು ಹೊಳೆಯುತ್ತದೆಯೇ ಎಂದು ಒಬ್ಬಳು, ತಾನು ಬಿಸಿಲಲ್ಲಿ ಡಬ್ಬಿ ಹೊರದಿದ್ದರೆ ಆ ಪಾಲಿಶ್ ಪಾತ್ರೆಯಲ್ಲೇ ಗಟ್ಟಿಯಾಗುತ್ತಿತ್ತು ಎಂದು ಇನ್ನೊಬ್ಬಳು. ಧ್ವನಿ ಏರಲಿಲ್ಲ, ಇಳಿಯಿತು. ಅದೇ ಕೆಟ್ಟ ಲಕ್ಷಣ. ‘ಕಾಯಿಸೋದೇನು ಮಹಾ, ನೋಡಿ ಕಲಿತ್ರೆ ಯಾರಿಗಾದ್ರೂ ಬರುತ್ತೆ,’ ಎಂದು ಕಿರಿಯಾಕೆಯ ಬಾಯಿಂದ ಬಂದುಬಿಟ್ಟಿತು. ಹಿರಿಯಾಕೆ ಎದ್ದು ಚೀಲದಿಂದ ತನ್ನ ಸಾಮಾನಷ್ಟನ್ನೇ ತೆಗೆದುಕೊಂಡು ಮೆಟ್ಟಿಲು ಇಳಿದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳೂ ಇಳಿದಳು. ಸುಲಿದ ಹಣ್ಣು ವಕೀಲರ ಕೈಯಲ್ಲೇ ಉಳಿಯಿತು.

ಜಗಳ ಮುಗಿಸದೆ ಎದ್ದುಹೋದವರು ಅವರೇ ಮೊದಲು. ಆ ಮನೆಯಲ್ಲಿ ಮೇಣ ಕಾಯಿಸುವ ಒಲೆ ಆರಿತು. ಕೆಳಗಿನವರಿಗೂ ಮೇಲಿನವರಿಗೂ ಅತ್ತೆಯ ಮೂಲಕವೇ ಮಾತು. ವಕೀಲರು ಕಳೆಗುಂದಿದರು. ಇಲ್ಲದ ಬಿರುಕನ್ನು ತಾನೇ ಕೆತ್ತಿದೆನೇನೋ ಎಂದು ಒಮ್ಮೆ ನನ್ನ ಮುಂದೆ ಅಂದರು. ಆ ಸಲ ಮಾತಿನ ಕೊನೆಗೆ ‘ಅಂತಿಟ್ಕೊಳ್ಳಿ’ ಇರಲಿಲ್ಲ.

ವಾರವಾರವೂ ಟ್ರೇಡ್‌ಮಾರ್ಕ್ ಕಚೇರಿಗೆ ಬಂದ ಹೊಸ ಅರ್ಜಿಗಳನ್ನು ಸ್ಕೇಲು ಇಟ್ಟುಕೊಂಡು ಸಾಲುಸಾಲಾಗಿ ನೋಡುವುದು ಅವರ ಅಭ್ಯಾಸ. ತಮ್ಮ ಕಕ್ಷಿದಾರರ ಹೆಸರಿಗೆ ಯಾರಾದರೂ ಕೈಹಾಕಿದ್ದಾರೆಯೇ ಎಂಬ ಕಾವಲು. ಒಂದು ಬೆಳಿಗ್ಗೆ ನಾನು ಹೋದಾಗ ಸ್ಕೇಲು ಒಂದೇ ಕಡೆ ನಿಂತಿತ್ತು. ‘ಅತ್ತೆ ಮೇಜು’ ಎಂಬ ಹೆಸರಿಗೆ ಮೂರು ಅರ್ಜಿಗಳು ಬಂದಿದ್ದವು. ಮೊದಲ ಎರಡಕ್ಕೂ ಒಂದೇ ಮನೆಯ ವಿಳಾಸ. ಅಂದು ಮೆಟ್ಟಿಲು ಇಳಿದ ವಾರಗಿತ್ತಿಯರು ಒಬ್ಬರಿಗೊಬ್ಬರು ತಿಳಿಯದಂತೆ ಬೇರೆ ಬೇರೆ ವಕೀಲರನ್ನು ಹುಡುಕಿಕೊಂಡು ಹೋಗಿದ್ದರು: ಮೊದಲು ಕಿರಿಯಾಕೆ, ಮರುದಿನವೇ ಹಿರಿಯಾಕೆ. ಮೂರನೆಯ ಅರ್ಜಿ, ಅವರ ಡಬ್ಬಿಗಳನ್ನು ಮಾರಲು ಇಟ್ಟುಕೊಂಡಿದ್ದ ಹಾರ್ಡ್‌ವೇರ್ ಅಂಗಡಿಯವರದು. ಡಬ್ಬಿ ಬರುವುದು ನಿಂತಿದೆ, ಹೆಸರಿಗೆ ಮಾತ್ರ ಗಿರಾಕಿಗಳಿದ್ದಾರೆ ಎಂಬುದನ್ನು ಅವರು ಗಮನಿಸಿದ್ದರು.

ವಕೀಲರು ಇಬ್ಬರನ್ನೂ ಕರೆಸಿದರು. ಕುರ್ಚಿಗಳನ್ನು ಈ ಸಲ ಪಕ್ಕಪಕ್ಕ ಹಾಕಿದ್ದರು. ಮೂರು ಅರ್ಜಿಗಳನ್ನೂ ಒಂದೊಂದಾಗಿ ಓದಿ ಹೇಳಿದರು.

‘ಅಕ್ಕಾ, ನೀನೂನಾ?’ ಎಂದಳು ಕಿರಿಯಾಕೆ.

‘ನೀನು ಹಾಕೇ ಹಾಕ್ತೀಯ ಅಂತ ಗೊತ್ತಿತ್ತು. ನಿನ್ನ ಬುದ್ಧಿ ನಂಗೊತ್ತಿಲ್ವಾ.’

ಹಾಗೆಂದ ಹಿರಿಯಾಕೆಯ ತುಟಿಯಂಚು ತಡೆಯಲಾರದೆ ಸಡಿಲವಾಯಿತು. ಮೊದಲು ನಕ್ಕವಳು ಯಾರೆಂದು ಹೇಳಲಾರೆ. ನಗು ನಿಲ್ಲುವಷ್ಟರಲ್ಲಿ ಒಬ್ಬಳ ಸೆರಗಿನಲ್ಲಿ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು.

‘ನೀವು ಒಬ್ರನ್ನೊಬ್ರು ನಂಬ್ಕೊಂಡು ಕೂತಿದ್ರಿ ಅಂತಿಟ್ಕೊಳ್ಳಿ,’ ಎಂದರು ವಕೀಲರು, ‘ಇವತ್ತು ಅಂಗಡಿಯವರ ಅರ್ಜಿನೇ ಮುಂದಿರ್ತಿತ್ತು. ಮೊದಲು ಮಾರಿದ್ದು ನೀವೇ ಅಂತ ಸಾಧಿಸಬಹುದಿತ್ತು, ಇಲ್ಲ ಅನ್ನಲ್ಲ. ಅಷ್ಟರಲ್ಲಿ ನಿಮ್ಮ ತಲೆ ಹಣ್ಣಾಗ್ತಿತ್ತು.’

ಆದರೆ ವಾರಗಿತ್ತಿಯರು ತಮ್ಮತಮ್ಮಲ್ಲೇ ಹೋರಾಡುತ್ತ ಉಳಿದರೆ ಲಾಭ ಆ ಮೂರನೆಯವರಿಗೇ. ಹಿರಿಯಾಕೆ ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕು; ಕಿರಿಯಾಕೆ ತನ್ನದನ್ನು ಕಂಪನಿಗೆ ದಾಟಿಸಬೇಕು. ಒಬ್ಬಳು ಬಿಡಬೇಕು, ಒಬ್ಬಳು ಕೊಡಬೇಕು. ಇಬ್ಬರೂ ಕುರ್ಚಿಯನ್ನು ಒಂದಿಷ್ಟು ದೂರ ಸರಿಸಿಕೊಂಡರು. ಹಾಗಾದರೆ ಅಂದು ನಿಲ್ಲಿಸಿದಲ್ಲಿಂದ ಮುಂದುವರಿಸಿ ಎಂದು ವಕೀಲರು ಹಣ್ಣು ಕೈಗೆತ್ತಿಕೊಂಡರು. ಈ ಸಲ ಜಗಳ ಪೂರ್ತಿಯಾಯಿತು. ಕಾಯಿಸುವ ಹದ ಕಲಿತ ಮೇಲೆ ತನ್ನನ್ನು ಒಲೆಯಿಂದ ಎಬ್ಬಿಸಿ ಕಳಿಸುತ್ತಾರೆಂಬುದು ಹಿರಿಯಾಕೆಯ ಭಯವಾಗಿತ್ತು. ಹೆಸರು ಕೈತಪ್ಪಿದರೆ ತಾನು ಬರೀ ಡಬ್ಬಿ ಹೊರುವವಳಾಗುತ್ತೇನೆಂಬುದು ಕಿರಿಯಾಕೆಯದು. ಪೆನ್ಸಿಲು ಎರಡನ್ನೂ ಹಿಡಿದುಕೊಂಡಿತು. ಯಾರು ಬಿಟ್ಟುಹೋದರೂ ಹೆಸರು ಕಂಪನಿಯಲ್ಲೇ ಉಳಿಯತಕ್ಕದ್ದು, ಹದವೂ ಅಲ್ಲೇ ಉಳಿಯತಕ್ಕದ್ದು, ಹೋಗುವವಳಿಗೆ ಅವಳ ಪಾಲಿನ ಬೆಲೆ ಸಲ್ಲತಕ್ಕದ್ದು, ಒಬ್ಬಳ ಒಪ್ಪಿಗೆಯಿಲ್ಲದೆ ಇನ್ನೊಬ್ಬಳನ್ನು ಕೆಲಸದಿಂದ ತೆಗೆಯುವಂತಿಲ್ಲ.

ಸಹಿಯ ದಿನ ಸಾಕ್ಷಿಗೆ ಅತ್ತೆಯೇ ಬಂದರು. ಯಾರು ಮೊದಲು ಎಂಬ ಪ್ರಶ್ನೆ ಏಳದಂತೆ ವಕೀಲರು ಇಬ್ಬರ ಮುಂದೆಯೂ ಕಾಗದ ಹರಡಿ, ಎರಡು ಪೆನ್ನುಗಳನ್ನು ಒಟ್ಟಿಗೇ ಕೊಟ್ಟರು. ಹೆಸರಿನ ಒಡತಿ ಸೊಸೆಯರಲ್ಲ, ಕಂಪನಿ ಎಂಬ ಮೂರನೆಯವಳು ಎಂದು ಅತ್ತೆಗೆ ವಿವರಿಸಿದಾಗ ಆಕೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ಮೂರನೇ ಸೊಸೆನೂ ಬಂದ್ಲು ಅನ್ನಿ. ಇವಳಾದ್ರೂ ಮೇಜು ನಂದು ಅಂತ ನೆನಪಿಟ್ಕೊತಾಳಾ?’ ಮೇಜು ಆಕೆಯದೇ, ಡಬ್ಬಿಯ ಮೇಲೆ ಆ ಹೆಸರು ಹಾಕಲು ಆಕೆಯ ಅಭ್ಯಂತರವಿಲ್ಲ ಎಂದು ವಕೀಲರು ಅಲ್ಲೇ ಒಂದು ಸಾಲು ಬರೆದು ಅದಕ್ಕೂ ಸಹಿ ಹಾಕಿಸಿಕೊಂಡರು. ಅಂಗಡಿಯವರು ನೋಟಿಸು ತಲುಪಿದ ಮೇಲೆ ಅರ್ಜಿ ಹಿಂದಕ್ಕೆ ಪಡೆದರು. ಏನೂ ಆಗದವರಂತೆ ಇನ್ನಷ್ಟು ಡಬ್ಬಿ ಕಳಿಸಿ ಎಂದು ಹೇಳಿ ಕಳಿಸಿದರು. ಒಲೆ ಮತ್ತೆ ಹೊತ್ತಿಕೊಂಡಿತು. ವಕೀಲರ ಮೇಜಿನ ಮೇಲೂ ಈಗ ಅವರದೊಂದು ಡಬ್ಬಿಯಿದೆ. ಹಚ್ಚುವ ಮೊದಲು ಮೇಜಿನ ಅಡಿಯಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ, ಸ್ವಲ್ಪ ಹಚ್ಚಿ ನೋಡಿದರಂತೆ.

ಇಂಥವರನ್ನು ನಾವು ಅಪಶಕುನ ನುಡಿಯುವವರೆಂದು ದೂರ ಇಡುತ್ತೇವೆ. ಸಂತೋಷದಲ್ಲಿ ಬಂದವರ ಮುಂದೆ ಕೇಡಿನ ಮಾತೆತ್ತುತ್ತಾರೆ, ಪ್ರೀತಿಯಿರುವಲ್ಲಿ ಕಾಗದ ಕೇಳುತ್ತಾರೆ. ಆದರೆ ಎಲ್ಲರೂ ಮಲಗಿದ ಮೇಲೆ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡಿ ಬರುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ; ಉಳಿದವರಿಗೆ ಬರುವ ನಿದ್ದೆಯಲ್ಲಿ ಅವರ ಪಾಲೂ ಇರುತ್ತದೆ. ಬದುಕಿನ ಕರಾರಿನಲ್ಲಿ ಕೆಟ್ಟದ್ದನ್ನು ಊಹಿಸುವ ಕೆಲಸವನ್ನೆಲ್ಲ ತಮ್ಮ ಹೆಸರಿಗೆ ಬರೆಸಿಕೊಂಡು, ನೆಮ್ಮದಿಯನ್ನು ನಮ್ಮ ಹೆಸರಿಗೆ ಬಿಟ್ಟುಕೊಟ್ಟವರು ಅವರು.