ಆರು ಪೈಪುಗಳ ಸದ್ದು

ಮುಳಬಾಗಿಲಿನಲ್ಲಿ ಮದರಾಸು ರಸ್ತೆಯ ಬದಿಗೆ ಗಂಗುಲಪ್ಪನ ಷೆಡ್ಡು ಇತ್ತು. ಎದುರಿಗೊಂದು ಹೊಂಗೆಮರ, ಒಳಗೊಂದು ಕುಲುಮೆ, ಗೋಡೆಗೆ ಒರಗಿಸಿದ ಗ್ಯಾಸ್ ವೆಲ್ಡಿಂಗಿನ ಸಿಲಿಂಡರುಗಳು. ಕೋಲಾರದಿಂದ ಚಿತ್ತೂರಿನವರೆಗೆ ಯಾವ ಲಾರಿ ಕೆಟ್ಟು ನಿಂತರೂ ಕ್ಲೀನರು ಕೇಳಿಕೊಂಡು ಬರುತ್ತಿದ್ದದ್ದು ಅವನ ಹೆಸರನ್ನೇ. ತನ್ನ ಕೈಗೆ ಬಗ್ಗದ ಕಬ್ಬಿಣವಿಲ್ಲ ಎಂದು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಬೇಡವೆನ್ನುತ್ತಲೂ ಇರಲಿಲ್ಲ.

ಟ್ಯಾಕ್ಸಿ ಓಡಿಸುತ್ತಿದ್ದ ಮುನಿಕೃಷ್ಣಪ್ಪ ಅವನಿಗೆ ಇಪ್ಪತ್ತು ವರ್ಷದ ಗೆಳೆಯ. ಅವನ ಕಾರು ಅಮೆರಿಕದ ಹಳೆಯ ಡಾಡ್ಜ್. ಆನೆಯಂಥ ಕಾರು. ಮುಂದಿನ ಸೀಟಿನಲ್ಲೇ ಮೂವರು ಆರಾಮಾಗಿ ಕೂರಬಹುದಿತ್ತು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅದರ ಎಂಜಿನ್ನಿನ ಬ್ಲಾಕು ಸೀಳಿಹೋಯಿತು. ಅದಕ್ಕೆ ಸರಿಯಾದ ಸಾಮಾನು ಬೆಂಗಳೂರಿನಲ್ಲೂ ಸಿಗಲಿಲ್ಲ. ಕೊನೆಗೆ ಗುಜರಿಗೆ ಬಿದ್ದಿದ್ದ ಲಾರಿಯೊಂದರ ಪೆಟ್ರೋಲ್ ಎಂಜಿನ್ನನ್ನು ತಂದು ಗಂಗುಲಪ್ಪ ಅದರೊಳಗೆ ಕೂರಿಸಿದ. ಎಂಜಿನ್ ಕೂತಿತು, ಗೇರ್‌ಬಾಕ್ಸೂ ಹೊಂದಿತು. ತೊಡಕು ಬಂದದ್ದು ಹೊಗೆ ಹೊರಗೆ ಹೋಗುವ ದಾರಿಯಲ್ಲಿ. ಎಂಜಿನ್ನಿನ ಹೊಗೆಯನ್ನೆಲ್ಲ ಒಟ್ಟುಗೂಡಿಸಿ ಕೆಳಗೆ ಬಿಡುವ, ಎರಕದ ಕಬ್ಬಿಣದ ಲಾರಿ ಮ್ಯಾನಿಫೋಲ್ಡಿನ ಬಾಯಿ ನೇರವಾಗಿ ಡಾಡ್ಜಿನ ಸ್ಟೇರಿಂಗ್ ಬಾಕ್ಸಿನ ಮೇಲೆ ಬಂದು ಕೂರುತ್ತಿತ್ತು.

ಈ ತೊಡಕು ಕಂಡ ದಿನ ಮಧ್ಯಾಹ್ನ ಮುನಿಕೃಷ್ಣಪ್ಪನ ಹೆಂಡತಿ ಶ್ಯಾಮಲಮ್ಮ ಇಬ್ಬರಿಗೂ ಮುದ್ದೆ, ಹುರುಳಿಕಾಳಿನ ಸಾರು ತಂದಿದ್ದಳು. ಊಟ ಮುಗಿಸಿ ಕೈತೊಳೆದ ಮೇಲೆ ಗಂಗುಲಪ್ಪ ಕಾರಿನ ಮುಂದೆ ನಿಂತು ಗೆಳೆಯನಿಗೆ ವಿವರಿಸಿದ.

"ಮೂರು ದಾರಿ ಐತೆ ನೋಡು. ಲಾರಿದೇ ಹಾಕ್ಬೇಕಂದ್ರೆ ಸ್ಟೇರಿಂಗ್ ಬಾಕ್ಸನ್ನ ನಾಲ್ಕು ಬೆರಳು ಸರಿಸ್ಬೇಕು. ಚಾಸಿ ಕುಯ್ದು ಮತ್ತೆ ಬೆಸೀಬೇಕು. ಹದಿನೈದು ದಿನದ ಕೆಲಸ. ಇಲ್ಲಾಂದ್ರೆ ಕೋಲಾರದ ಗುಜರೀಲಿ ಇನ್ನೊಂದು ಮ್ಯಾನಿಫೋಲ್ಡ್ ಐತೆ, ಬಾಯಿ ಮುಂದಕ್ಕೆ ತಿರುಗಿರೋದು. ಆದ್ರೆ ಅದು ಬಿರುಕು ಬಿಟ್ಟೈತೆ."

"ಬಿರುಕು ಬೆಸೆಯಕ್ಕಾಗಲ್ವಾ?"

"ಎರಕ ಕಣೋ. ಕಾದು ತಣ್ಣಗಾದ್ರೆ ಮತ್ತೆ ಬಿಡ್ತದೆ."

ಇದು ಪೂರ್ತಿ ನಿಜವಾಗಿರಲಿಲ್ಲ. ಬಿರುಕುಬಿಟ್ಟ ಎರಕವನ್ನು ಹಿತ್ತಾಳೆ ಕರಗಿಸಿ ಗಟ್ಟಿಯಾಗಿ ಕೂಡಿಸುವ ಮುದುಕನೊಬ್ಬ ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದೆ ಇದ್ದಾನೆಂದು ಗಂಗುಲಪ್ಪನಿಗೆ ಗೊತ್ತಿತ್ತು. ಆದರೆ ಅವನ ಮನಸ್ಸು ಆಗಲೇ ಮೂರನೆಯದರ ಮೇಲೆ ಕೂತುಬಿಟ್ಟಿತ್ತು. ಹಿಂದಿನ ವರ್ಷ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ರೇಸಿಗೆ ಹೋಗುವ ಕಾರೊಂದನ್ನು ಅವನು ನೋಡಿದ್ದ. ಅದರ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಹೊಗೆ ಹೋಗಲು ಬೇರೆ ಬೇರೆ ಪೈಪು. ಎಲ್ಲವೂ ಬಳುಕಿ ಬಂದು ಕೆಳಗೆ ಒಂದೇ ಪೈಪಿಗೆ ಸೇರುತ್ತಿದ್ದವು. ಅದನ್ನು ಕೈಯಾರೆ ಮಾಡಬೇಕೆಂಬ ಆಸೆ ಅವನನ್ನು ಅಂದಿನಿಂದ ಬಿಟ್ಟಿರಲಿಲ್ಲ.

"ಆರು ಸಿಲಿಂಡರಿಗೆ ನಾನೇ ಆರು ಪೈಪು ಬಗ್ಗಿಸಿ ಕೊಡ್ತೀನಿ. ಎಂಜಿನ್ನಿಗೆ ಉಸಿರಾಟ ಸಲೀಸು. ಮೇಲಾಗಿ ಆ ಸದ್ದು! ನೀನು ಶ್ರೀನಿವಾಸಪುರದ ಕೆರೆಕಟ್ಟೆ ಮೇಲಿರುವಾಗ್ಲೇ ಊರಿಗೆಲ್ಲ ಗೊತ್ತಾಗ್ತದೆ, ಮುನಿಕಿಷ್ಣನ ಗಾಡಿ ಬಂತು ಅಂತ."

ಮುನಿಕೃಷ್ಣಪ್ಪ ತಲೆ ಕೆರೆದುಕೊಂಡ. "ಎರಕದ್ದೇ ಹಾಕು ಗಂಗಣ್ಣ. ಹದಿನೈದು ದಿನ ಆದ್ರೆ ಆಗ್ಲಿ. ಲಾರೀಲಿ ಹತ್ತು ವರ್ಷ ತಡ್ಕೊಂಡಿರೋದಲ್ವಾ ಅದು."

"ಹತ್ತು ವರ್ಷದಿಂದ ಎಲ್ಲರೂ ಮಾಡಿರೋದನ್ನೇ ಮಾಡಕ್ಕೆ ನಾನ್ಯಾಕೆ ಬೇಕು?" ಎಂದ ಗಂಗುಲಪ್ಪ. ಮಾತು ನಗುತ್ತಲೇ ಬಂದಿತ್ತು. ಮುನಿಕೃಷ್ಣಪ್ಪ ಪೈಪಿಗೆಂದು ದುಡ್ಡು ಎಣಿಸಿಕೊಟ್ಟ.

ಗಂಗುಲಪ್ಪ ಪೈಪಿನೊಳಗೆ ಒಣಮರಳು ತುಂಬಿದ. ಎರಡೂ ತುದಿಗೆ ಮರದ ಬೆಣೆ ಹೊಡೆದು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒಂದೊಂದನ್ನೇ ಬಗ್ಗಿಸಿದ. ಎಲ್ಲೂ ಸುಕ್ಕಿಲ್ಲ, ಚಪ್ಪಟೆಯಾಗಿಲ್ಲ. ಐದನೆಯ ದಿನ ಆರೂ ಪೈಪುಗಳು ಸ್ಟೇರಿಂಗ್ ಬಾಕ್ಸನ್ನು ಬಳಸಿಕೊಂಡು ಇಳಿದು ಒಂದಾದವು. ಅಲ್ಲಿಂದ ಮುಂದಿನ ಪೈಪನ್ನು ಕಾರಿನ ಹಿಂತುದಿಯವರೆಗೆ ಒಯ್ಯಬೇಕಿತ್ತು. ಅಷ್ಟು ಉದ್ದ ಒಯ್ದರೆ, ನಡುವೆ ಸೈಲೆನ್ಸರಿನ ಡಬ್ಬಿಯನ್ನೂ ಇಟ್ಟರೆ ಸದ್ದು ಸತ್ತುಹೋಗುತ್ತದೆಂದು ಅವನು ಅದನ್ನು ಹಿಂದಿನ ಬಾಗಿಲಿನ ಕೆಳಗೇ ಮುಗಿಸಿದ.

ಬಗ್ಗಿ ನೋಡಿದ ಮುನಿಕೃಷ್ಣಪ್ಪ ಕೇಳಿದ. "ಹೊಗೆ ಒಳಕ್ಕೆ ಬರಲ್ವಾ? ಹಿಂದಿನ ಸೀಟಿನ ಕೆಳಗಿನ ತಗಡೆಲ್ಲ ತುಕ್ಕು ಹಿಡಿದು ತೂತಾಗೈತೆ."

"ಓಡೋ ಗಾಡಿ ಕಣೋ. ಗಾಳಿಗೆ ಹಿಂದಕ್ಕೆ ಹೋಗ್ತದೆ. ತಗಡಿಗೆ ಆಮೇಲೆ ತೇಪೆ ಹಾಕಣ, ಸದ್ಯಕ್ಕೆ ಗೋಣಿಚೀಲ ಹಾಕಿ ಮೇಲೆ ರಬ್ಬರ್ ಹಾಸು."

ಅಂದೂ ಊಟ ತಂದಿದ್ದ ಶ್ಯಾಮಲಮ್ಮ ಪಾತ್ರೆಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾ ಈ ಮಾತನ್ನೆಲ್ಲ ಕೇಳಿಸಿಕೊಂಡಳು.

ಸದ್ದು ಗಂಗುಲಪ್ಪ ಹೇಳಿದಂತೆಯೇ ಬಂತು. ದಪ್ಪನೆಯ, ತುಂಬಿದ ಸದ್ದು. ಸಂತೆಯ ದಿನ ಜನ ಬೇರೆ ಟ್ಯಾಕ್ಸಿಗಳನ್ನು ಬಿಟ್ಟು ಅದಕ್ಕಾಗಿ ಕಾಯತೊಡಗಿದರು. ಮುನಿಕೃಷ್ಣಪ್ಪನಿಗೂ ಹೆಮ್ಮೆಯಾಯಿತು. ಆದರೆ ಮಳೆಗಾಲ ಶುರುವಾಗಿ ಗಾಜು ಏರಿಸಿ ಓಡಿಸುವಂತಾದ ಮೇಲೆ ಅವನಿಗೆ ದಿನವೂ ತಲೆನೋವು. ಮನೆಗೆ ಬಂದವನೇ ಒಂದೊಂದು ದಿನ ವಾಂತಿ ಮಾಡುತ್ತಿದ್ದ. ಪಿತ್ತವೆಂದು ಶ್ಯಾಮಲಮ್ಮ ಜೀರಿಗೆ ಕಷಾಯ ಕೊಟ್ಟಳು. ಗಂಗುಲಪ್ಪನಿಗೆ ಹೇಳಿದಾಗ ಅವನು ಕಾರಿನಡಿ ಮಲಗಿ, ಬೋಲ್ಟುಗಳನ್ನು ಬಿಗಿಮಾಡಿ, "ಸರಿಯಾಗೈತೆ. ನೀನು ಹೊತ್ತೊತ್ತಿಗೆ ಊಟ ಮಾಡು," ಎಂದು ಕಳಿಸಿದ.

ಡಿಸೆಂಬರಿನಲ್ಲಿ ಮದರಾಸಿನ ಕಡೆ ಚಂಡಮಾರುತವೆದ್ದು ಮೂರು ದಿನ ಜಡಿಮಳೆ ಹಿಡಿಯಿತು. ಆ ಮಳೆಯಲ್ಲೇ ಆವನಿ ಹಳ್ಳಿಯ ಸೊಣ್ಣಪ್ಪ ಮಗಳಿಗೆ ಗಂಡಿನ ಮನೆ ನೋಡಲು ಮಾಲೂರಿಗೆ ಹೊರಟ. ಒಳ್ಳೆಯ ದಿನ ಅದೊಂದೇ ಇತ್ತು. ಮುಂದಿನ ಸೀಟಿನಲ್ಲಿ ಮುನಿಕೃಷ್ಣಪ್ಪನ ಪಕ್ಕ ಸೊಣ್ಣಪ್ಪ ಮತ್ತು ಅವನ ಅಣ್ಣ ಶ್ರೀನಿವಾಸಪ್ಪ ಕೂತರು. ಹಿಂದೆ ಸೊಣ್ಣಪ್ಪನ ಹೆಂಡತಿ ಆದಿಲಕ್ಷ್ಮಮ್ಮ, ಶ್ರೀನಿವಾಸಪ್ಪನ ಹೆಂಡತಿ ರಾಮಲಕ್ಷ್ಮಮ್ಮ, ಜೊತೆಗೆ ಹೂವಿನ ಬುಟ್ಟಿ, ಎಲೆಅಡಿಕೆ, ಬಾಳೆಹಣ್ಣಿನ ಗೊನೆ. ಎರಚಲು ಬೀಳುತ್ತದೆಂದು ಹೆಂಗಸರು ಗಾಜು ಪೂರ್ತಿ ಏರಿಸಿಕೊಂಡರು. ತಿರುವಿನಲ್ಲಿ ಕೈತೋರಿಸಬೇಕಾದ್ದರಿಂದ ಮುನಿಕೃಷ್ಣಪ್ಪ ಮಾತ್ರ ತನ್ನ ಕಡೆಯದನ್ನು ಅರ್ಧ ಇಳಿಸಿದ್ದ.

ಕೋಲಾರ ದಾಟುವವರೆಗೂ ಹಿಂದಿನಿಂದ ಮಾತು ಕೇಳಿಸುತ್ತಿತ್ತು. ಆಮೇಲೆ ಇಬ್ಬರೂ ತೂಕಡಿಸಿದರು. ನರಸಾಪುರದಲ್ಲಿ ಗಂಡಸರು ಟೀ ಕುಡಿಯಲು ಇಳಿದರು. "ಅವರು ಮಲಗಿದ್ದಾರೆ, ಎಬ್ಬಿಸಬೇಡ," ಎಂದ ಸೊಣ್ಣಪ್ಪ. ಬ್ಯಾಟರಿ ಕೈಕೊಟ್ಟೀತೆಂದು ಮುನಿಕೃಷ್ಣಪ್ಪ ಎಂಜಿನ್ ಆರಿಸಲಿಲ್ಲ. ಹೋಟೆಲಿನ ಸೂರಿನಡಿ ಮಳೆಯ ಜೋರು ತಗ್ಗಲೆಂದು ಅವರು ಅರ್ಧ ಗಂಟೆ ನಿಂತರು. ಅಷ್ಟು ಹೊತ್ತೂ ಕಾರು ನಿಂತಲ್ಲೇ ಗುಡುಗುಡು ಎನ್ನುತ್ತಿತ್ತು. ಹೋಟೆಲಿನವನು ಅದರ ಸದ್ದನ್ನು ಹೊಗಳಿದ.

ಮಾಲೂರಿನಲ್ಲಿ ಗಂಡಿನ ಮನೆಯ ಮುಂದೆ ಕಾರು ನಿಂತಿತು. ಆ ಮನೆಯ ಹೆಂಗಸರು ಆರತಿ ತಟ್ಟೆ ಹಿಡಿದು ಜಗಲಿಗೆ ಬಂದರು. ಸೊಣ್ಣಪ್ಪ ಹಿಂದಿನ ಬಾಗಿಲು ತೆಗೆದ. ಹೆಂಡತಿಯ ಮುಖ ಕೆಂಪಗೆ, ತುಂಬಿಕೊಂಡಂತಿತ್ತು. ಜ್ವರ ಬಂದಿದೆ ಎಂದುಕೊಂಡು ಅವನು ಭುಜ ಅಲುಗಾಡಿಸಿದ. ಮನೆಯಲ್ಲಿ ಆಡುವ ತೆಲುಗಿನಲ್ಲಿ, "ಲೇವೇ, ಊರೊಚ್ಚಿಂದಿ, ಲೇ," ಎಂದು ಎಬ್ಬಿಸಲು ನೋಡಿದ. ಅವಳ ತಲೆ ಅವನ ತೋಳಿನ ಮೇಲೆ ಬಿತ್ತು. ಆಚೆ ಬದಿಯಲ್ಲಿ ಶ್ರೀನಿವಾಸಪ್ಪ ಕೂಗಿಕೊಂಡ.

ಡಾಕ್ಟರು ಬಂದು ನೋಡಿ, ಗ್ಯಾಸ್ ಕುಡಿದಿದ್ದಾರೆ, ಮುಖದ ಕೆಂಪು ಅದರದೇ, ಇಬ್ಬರೂ ಹೋಗಿ ಸುಮಾರು ಹೊತ್ತಾಗಿದೆ ಎಂದರು. ಅಷ್ಟು ಕೆಂಪಗಿರುವ ಮುಖ ಸತ್ತವರದೆಂದು ಸೊಣ್ಣಪ್ಪ ಒಪ್ಪಲಿಲ್ಲ. ಮತ್ತೊಬ್ಬ ಡಾಕ್ಟರನ್ನು ಕರೆಸಿ ಎಂದು ಮಳೆಯಲ್ಲಿ ನಿಂತು ಗೋಗರೆದ.

ಪೊಲೀಸರು ಮುನಿಕೃಷ್ಣಪ್ಪನನ್ನು ಹಿಡಿದು ಕೋಲಾರದ ಠಾಣೆಗೆ ಒಯ್ದರು. ನಾಲ್ಕನೆಯ ದಿನ ಮೋಟಾರು ಇನ್ಸ್‌ಪೆಕ್ಟರೊಬ್ಬರು ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಮುಳಬಾಗಿಲಿನ ಷೆಡ್ಡಿಗೆ ಬಂದರು. ಪೈಪುಗಳು ಒಂದಾಗುವ ಕಡೆ ಬೆಸುಗೆ ಕೂದಲೆಳೆಯಷ್ಟು ಬಿಟ್ಟಿತ್ತು. ಬಾಗಿಲ ಕೆಳಗಿನ ಬಾಯಿಯಂತೂ ಯಾರಿಗೂ ಕಾಣುವಂತೆಯೇ ಇತ್ತು.

"ಇದನ್ನು ಇಲ್ಲಿ ಕತ್ತರಿಸಿದ್ದು ಯಾರು?" ಎಂದು ಅವರು ಕೇಳಿದರು.

ಗಂಗುಲಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಚಿಂದಿಬಟ್ಟೆಯಲ್ಲಿ ಒರೆಸಿದ. ಆಮೇಲೆ, "ಡ್ರೈವರು ಸದ್ದು ಬೇಕು ಅಂದ, ಸಾರ್. ನಾನು ಬ್ಯಾಡ ಅಂದೆ. ಕೇಳಲಿಲ್ಲ," ಎಂದ.

ಇನ್ಸ್‌ಪೆಕ್ಟರು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಠಾಣೆಯಲ್ಲಿ ಆ ಹೇಳಿಕೆಯನ್ನು ಓದಿ ಹೇಳಿದಾಗ ಮುನಿಕೃಷ್ಣಪ್ಪ, "ಹೌದು ಸಾರ್, ಹಂಗೇ," ಎಂದನಂತೆ. ಜಾಮೀನಿನ ಮೇಲೆ ಮನೆಗೆ ಬಂದವನನ್ನು ಶ್ಯಾಮಲಮ್ಮ ಹಿಡಿದು ಕೇಳಿದಳು. "ನೀವ್ಯಾಕೆ ಒಪ್ಕೊಂಡ್ರಿ?"

"ನನ್ನ ಗಾಡೀಲಿ ಸತ್ರು. ತಲೆನೋವು ಬರ್ತಿದ್ದದ್ದು ನಂಗೆ. ಇನ್ನೊಬ್ಬನ ಹೆಸರು ಹೇಳಿದ್ರೆ ಅವರು ಎದ್ದು ಬರ್ತಾರಾ?"

ಅವಳು ಗಂಗುಲಪ್ಪನ ಬಳಿ ಹೋದಳು. "ಗಂಗಣ್ಣ, ನಾನು ಅವತ್ತು ಇಲ್ಲೇ ಇದ್ದೆ. ಎರಕದ್ದೇ ಹಾಕು ಅಂದಿದ್ದು ಅವರು," ಎಂದಳು. ಗಂಗುಲಪ್ಪ ಕುಲುಮೆಯ ಕಡೆ ತಿರುಗಿ, ಆಗಲಮ್ಮ, ಹೋಗಿ ಹೇಳಿಬರ್ತೀನಿ ಎಂದ. ಹೋಗಲಿಲ್ಲ. ಒಂದು ಸಲ ಕೋಲಾರದ ಠಾಣೆಯ ಗೇಟಿನವರೆಗೆ ಹೋಗಿ, ಎದುರಿನ ಅಂಗಡಿಯಲ್ಲಿ ಎರಡು ಬೀಡಿ ಸೇದಿ ವಾಪಸು ಬಸ್ಸು ಹತ್ತಿದ. ಹೀಗೆ ಮೂರು ತಿಂಗಳು ಕಳೆಯಿತು. ಆ ಮೂರು ತಿಂಗಳಲ್ಲಿ ಅವನು ಯಾವ ಗಾಡಿಯ ಕೆಳಗೂ ನೆಮ್ಮದಿಯಾಗಿ ಮಲಗಲಿಲ್ಲ. ಎಂಜಿನ್ ಓಡುತ್ತಿದ್ದರೆ ಮೊದಲು ಹೋಗಿ ಅದನ್ನು ಆರಿಸುತ್ತಿದ್ದ.

ಬೇರೆ ದಾರಿ ಕಾಣದೆ ಶ್ಯಾಮಲಮ್ಮ ಆವನಿ ಹಳ್ಳಿಗೆ ಹೋಗಿ ಸೊಣ್ಣಪ್ಪನಿಗೆ ನಡೆದದ್ದನ್ನು ಹೇಳಿದಳು.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಸೊಣ್ಣಪ್ಪ ಷೆಡ್ಡಿಗೆ ಬಂದ. ಕೂಗಾಡಲಿಲ್ಲ. ಹೊಂಗೆಮರದ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ.

"ಮೇಸ್ತ್ರಿ, ನನ್ನ ಹೆಂಡ್ತಿ ಹೆಂಗೆ ಸತ್ಲು ಅಂತ ನಂಗೆ ಯಾರೂ ಸರಿಯಾಗಿ ಹೇಳಲಿಲ್ಲ. ಡಾಕ್ಟ್ರು ಗ್ಯಾಸ್ ಅಂದ್ರು. ಪೊಲೀಸ್ನೋರು ಪೈಪ್ ಅಂದ್ರು. ನೀನು ಕೆಲಸ ಬಲ್ಲೋನು. ತೋರಿಸು."

ಗಂಗುಲಪ್ಪ ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೀಚತೊಡಗಿದ. ಇದು ಎಂಜಿನ್. ಇಲ್ಲಿ ಪೆಟ್ರೋಲ್ ಉರಿಯುತ್ತದೆ. ಪೂರ್ತಿ ಉರಿಯದೆ ಉಳಿದದ್ದು ವಿಷಗಾಳಿಯಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಇದು ಪೈಪು.

"ಹಿಂದಿನ ತುದಿಗಂಟ ಹೋಗಿದ್ರೆ ಆಚೆ ಹೋಗಿರೋದು. ಇಲ್ಲಿ, ಸೀಟಿನ ಕೆಳಗೇ ನಿಂತ್ಹೋಗೈತೆ. ಗಾಡಿ ನಿಂತಾಗ ಗಾಳಿ ಆಡಲ್ಲ. ತುಕ್ಕಿನ ತೂತಲ್ಲಿ ಒಳಗೆ ತುಂಬ್ಕೊಳ್ತದೆ."

"ನೋವಾಯ್ತಾ ಅವಳಿಗೆ?"

"ನಿದ್ದೆ ಬಂದಂಗೆ ಆಗ್ತದೆ ಅಂತಾರೆ. ನಂಗೊತ್ತಿಲ್ಲ."

ಸೊಣ್ಣಪ್ಪ ಹಲಗೆಯ ಮೇಲೆ ಪೈಪಿನ ತುದಿಗೆ ಬೆರಳಿಟ್ಟ. "ಇಲ್ಲಿ ನಿಲ್ಲಿಸಿದ್ದು ಯಾಕೆ?"

"ಸದ್ದಿಗೆ."

"ಯಾರಿಗೆ ಬೇಕಿತ್ತು ಸದ್ದು?"

ಗಂಗುಲಪ್ಪ ಸೀಮೆಸುಣ್ಣವನ್ನು ಕೆಳಗಿಟ್ಟ. "ನಂಗೆ," ಎಂದ. "ನಂಗೇ ಬೇಕಿತ್ತು. ಮುನಿಕಿಷ್ಣ ಎರಕದ್ದು ಸಾಕು ಅಂದ. ಹೊಗೆ ಬರಲ್ವಾ ಅಂತಾನೂ ಕೇಳ್ದ. ನಾನು ಬರಲ್ಲ ಅಂದೆ. ಪೊಲೀಸ್ನೋರ ಮುಂದೆ ಸುಳ್ಳು ಹೇಳ್ದೆ."

ಸೊಣ್ಣಪ್ಪ ಹೊಡೆಯುತ್ತಾನೆಂದು ಅವನು ಕಾದ. ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಸೊಣ್ಣಪ್ಪ ಹೊರಗೆ ಹೋಗಿ ಚಪ್ಪಲಿ ಮೆಟ್ಟಿ, "ನಡಿ. ಇದನ್ನೇ ಅಲ್ಲಿ ಹೇಳು. ನಾನೂ ಬರ್ತೀನಿ," ಎಂದ. ಇಬ್ಬರೂ ಒಂದೇ ಬಸ್ಸಿನಲ್ಲಿ ಕೋಲಾರಕ್ಕೆ ಹೋದರು.

ಕೇಸು ಒಂದು ವರ್ಷ ನಡೆಯಿತು. ಗಂಗುಲಪ್ಪನಿಗೆ ಒಂದು ವರ್ಷ ಸಜೆಯಾಯಿತು. ತಲೆನೋವು ಬರುತ್ತಿದ್ದರೂ ಜನರನ್ನು ಹತ್ತಿಸಿಕೊಂಡು ಓಡಿಸಿದನೆಂದು ಮುನಿಕೃಷ್ಣಪ್ಪನಿಗೂ ನಾಲ್ಕು ತಿಂಗಳಾಯಿತು. ಅವನ ಲೈಸೆನ್ಸೂ ಹೋಯಿತು. ಮಾಲೂರಿನ ಸಂಬಂಧ ಅಂದೇ ಮುರಿದಿತ್ತು. ಆ ಮನೆಯ ಬಾಗಿಲಲ್ಲಿ ಎರಡು ಹೆಣ ಇಳಿದ ಮೇಲೆ ಸೊಣ್ಣಪ್ಪನ ಮಗಳನ್ನು ಕೇಳಿಕೊಂಡು ಬೇರೆಯವರೂ ಬರಲಿಲ್ಲ.

ಜೈಲಿನಿಂದ ಬಂದ ಗಂಗುಲಪ್ಪ ಷೆಡ್ಡಿನ ಬೀಗ ತೆಗೆಯಲಿಲ್ಲ. ಮುನಿಕೃಷ್ಣಪ್ಪ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಾನೆಂದು ತಿಳಿದು ಒಂದು ದಿನ ಅಲ್ಲಿಗೆ ಹೋದ. ಅವನು ತಲೆಗೆ ಸಿಂಬಿ ಸುತ್ತಿ ಇಟ್ಟಿಗೆ ಹೊರುತ್ತಿದ್ದ. ರೆಪ್ಪೆಯ ಮೇಲೆಲ್ಲ ಕೆಂಧೂಳು. ಗೆಳೆಯನನ್ನು ನೋಡಿ ಹೊರೆ ಇಳಿಸಿದ.

"ಮುನಿಕಿಷ್ಣ, ವಾಪಸ್ ಬಂದ್ಬಿಡು. ಇಬ್ಬರೂ ಸೇರಿ ಏನಾದ್ರೂ ಮಾಡಣ," ಎಂದ ಗಂಗುಲಪ್ಪ.

"ಪೈಪಿನ ಮಾತು ಬಿಡು, ಗಂಗಣ್ಣ. ಯಾರ ಕೈಲಾದ್ರೂ ತಪ್ಪಾಗ್ತದೆ. ಶ್ಯಾಮಲ ನಿನ್ನ ಷೆಡ್ಡಿಗೆ ಬಂದು ಕೇಳಿದ್ಲಲ್ಲ, ಅವತ್ತೇ ಯಾಕೆ ಹೋಗಲಿಲ್ಲ ನೀನು? ನಾನು ಮೂರು ತಿಂಗಳು ದಿನಾ ಕಾಯ್ತಿದ್ದೆ, ಇವತ್ತು ಹೋಗಿರ್ತಾನೆ, ಇವತ್ತು ಹೋಗಿರ್ತಾನೆ ಅಂತ."

ಗೂಡಿನ ಮೇಸ್ತ್ರಿ ದೂರದಿಂದ ಕೂಗಿದ. ಲಾರಿ ತುಂಬಬೇಕಿತ್ತು. ಮುನಿಕೃಷ್ಣಪ್ಪ ಹನ್ನೆರಡು ಇಟ್ಟಿಗೆ ಜೋಡಿಸಿಕೊಂಡು, ಎತ್ತಿಕೊಡು ಎಂಬಂತೆ ಅವನ ಕಡೆ ನೋಡಿದ. ಗಂಗುಲಪ್ಪ ಹೊರೆಯನ್ನು ಎತ್ತಿ ಅವನ ತಲೆಯ ಮೇಲಿಟ್ಟ. ಮುನಿಕೃಷ್ಣಪ್ಪ ಹಿಂತಿರುಗಿ ನೋಡದೆ ಲಾರಿಯ ಕಡೆ ನಡೆದ. ಗಂಗುಲಪ್ಪ ಸಂಜೆಯ ರೈಲಿನ ಹೊತ್ತಾಗುವವರೆಗೂ ಅಲ್ಲೇ ನಿಂತು, ಬಂದ ಬಂದವರಿಗೆಲ್ಲ ಹೊರೆ ಎತ್ತಿಕೊಡುತ್ತಿದ್ದ.