ಡೇಟಾಬೇಸಿನ ಮುಂದೆ

ಹೊಸ ಸರ್ವರಿನ ಕೆಲಸ ಸರಿಯಾದರೆ ನೌಕರಿ ಖಾಯಂ, ಇಲ್ಲದಿದ್ದರೆ ಇನ್ನಾರು ತಿಂಗಳು ತರಬೇತಿ ಎಂದು ಲೋಕನಾಥ ಸರ್ ಹೇಳಿದ ದಿನದಿಂದ ಅಕ್ಷಿತಾಳಿಗೆ ಊಟ ರುಚಿಸುತ್ತಿರಲಿಲ್ಲ.

ಮಂಗಳೂರಿನ ಫಳ್ನೀರಿನ ಆ ಪುಟ್ಟ ಆಫೀಸು ಕ್ಲಿನಿಕ್ಕುಗಳ ಟೋಕನ್ ವ್ಯವಸ್ಥೆಯ ಸರ್ವರುಗಳನ್ನು ನೋಡಿಕೊಳ್ಳುತ್ತಿತ್ತು. ಅಲ್ಲಿ ಸರ್ವರನ್ನು ಕೈಯಿಂದ ಸಿದ್ಧಪಡಿಸುವ ಪದ್ಧತಿ ಇಲ್ಲ. ಎಲ್ಲವನ್ನೂ ಕೋಡಿನಲ್ಲಿ ಬರೆದಿಡಬೇಕು. ದೊಡ್ಡ ಡಿಸ್ಕ್ ಜೋಡಿಸಲು ಒಂದು ಮಾಡ್ಯೂಲ್, ಅಂದರೆ ಕೋಡಿನ ಒಂದು ತುಂಡು; ಡೇಟಾಬೇಸ್ ಹಾಕಲು ಇನ್ನೊಂದು. ಮೇಲೆ ಬರೆದದ್ದೇ ಮೊದಲು ನಡೆಯುತ್ತದೆ ಎನ್ನುವಂತಿಲ್ಲ. ಯಾವುದು ಯಾವುದಕ್ಕೆ ಕಾಯಬೇಕೆಂದು ಬಿಡಿಸಿ ಹೇಳಬೇಕು.

ಅದನ್ನೇ ಅವಳು ಬೆಳಿಗ್ಗೆ ಫೋನಿನಲ್ಲಿ ಕೇಳಿದಳು. ಸರ್ ಪಡೀಲಿನಲ್ಲಿ ಎರಡು ಲಾರಿಗಳ ನಡುವೆ ಸಿಕ್ಕಿಕೊಂಡಿದ್ದರು. "ಡೇಟಾಬೇಸ್ ಉಂಟಲ್ಲ, ಅದರ ಮುಂದೆ ಡಿಸ್ಕ್ ಹಾಕು" ಎಂದರು. ಮುಂದೆ ಎಂದರೆ ಮೊದಲೋ, ಆಮೇಲೋ? ಮೂರು ಸಲ ಕೇಳಿದಳು. ಮೂರು ಸಲವೂ ಅದೇ ವಾಕ್ಯ, ಪ್ರತಿ ಸಲ ಇನ್ನಷ್ಟು ಜೋರಾಗಿ. ಡಿಸ್ಕ್ ಮೊದಲು ಬರಬೇಕೆಂದು ಅವಳ ಬುದ್ಧಿಗೆ ಹೊಳೆದಿತ್ತು. ಆದರೆ ಹದಿನೆಂಟು ವರ್ಷ ಸರ್ವರ್ ನೋಡಿದವರ ಮಾತಿನಲ್ಲಿ ಬೇರೇನಾದರೂ ಗುಟ್ಟಿದ್ದರೆ? ಕೊನೆಗೆ ಅವಳು ಎರಡನ್ನೂ ಬರೆದಳು: ಡಿಸ್ಕ್ ಡೇಟಾಬೇಸಿಗೆ ಕಾಯಲಿ, ಡೇಟಾಬೇಸ್ ಡಿಸ್ಕಿಗೆ ಕಾಯಲಿ. ಎರಡರಲ್ಲಿ ಒಂದಾದರೂ ಸರಿ ಇರಲೇಬೇಕಲ್ಲ.

ಹನ್ನೊಂದಕ್ಕೆ ಕ್ಲಿನಿಕ್ಕಿನ ಮ್ಯಾನೇಜರ್ ಶಹನಾಝ್ ಹೊಸ ಸರ್ವರ್ ನೋಡಲು ಬಂದರು. ಸರ್ ಕೂಡ ಬಂದು ತಲುಪಿದರು. ಅಕ್ಷಿತಾ ಕೋಡ್ ಓಡಿಸಿದಳು. ಪರದೆಯಲ್ಲಿ ಕೆಂಪು ಸಾಲುಗಳು. ಮದುವೆ ಊಟದಲ್ಲಿ "ನೀವು ಕೂತುಕೊಳ್ಳಿ, ನೀವು ಕೂತುಕೊಳ್ಳಿ" ಎನ್ನುತ್ತಾ ನಿಂತೇ ಇರುವ ಬೀಗರ ಹಾಗೆ ಎರಡೂ ಮಾಡ್ಯೂಲುಗಳು ಒಂದಕ್ಕೊಂದು ಕಾಯುತ್ತಿದ್ದವು. ಒಂದು ಫೈಲೂ ಅಲುಗಾಡಿರಲಿಲ್ಲ.

ಸರ್ ಕೋಡ್ ನೋಡಿದರು. "ಎಂತ ಇದು? ಮುಂದೆ ಅಂತ ಹೇಳಿದ್ದಲ್ವಾ?"

ಪಕ್ಕದ ಮೇಜಿನ ಕೆವಿನ್ ತಲೆ ಎತ್ತಿದ. "ಮುಂದಿನ ವಾರ ಅಂದ್ರೆ ಆಮೇಲೆ ಬರುವುದಲ್ವಾ, ಸರ್?"

"ಕ್ಯೂನಲ್ಲಿ ಮುಂದೆ ನಿಂತವನಿಗೆ ಮೊದಲು ಟೋಕನ್ ಸಿಗುವುದಲ್ವಾ, ಮಾರಾಯ?"

ಶಹನಾಝ್ ಚಹಾದ ಲೋಟ ಕೆಳಗಿಟ್ಟರು. "ನಮ್ಮಲ್ಲಿ ಮುಂದೆ ಬನ್ನಿ ಅಂದ್ರೆ ಎಲ್ಲರೂ ಒಟ್ಟಿಗೆ ಬರ್ತಾರೆ. ಮುಂದೆ ನೋಡುವ ಅಂದ್ರೆ ಜಗಳಕ್ಕೆ ಬರ್ತಾರೆ."

ಚರ್ಚೆ "ಮುಂದೆ ಹೋಗಿ" ಎನ್ನುವ ಬಸ್ಸಿನ ಕಂಡಕ್ಟರುಗಳವರೆಗೂ ಹೋಯಿತು. ಅದು ಮುಗಿಯುವ ಲಕ್ಷಣ ಕಾಣದಾಗ ಅಕ್ಷಿತಾ ಬಾಯಿ ತೆರೆದಳು. ಡೇಟಾಬೇಸ್ ಮೊದಲು ಬಂದರೆ ದಾಖಲೆಗಳು ಸರ್ವರಿನಲ್ಲಿ ಈಗಾಗಲೇ ಇರುವ ಸಣ್ಣ ಡಿಸ್ಕಿನಲ್ಲಿ ಕೂರುತ್ತವೆ, ಆಮೇಲೆ ದೊಡ್ಡದನ್ನು ಅದೇ ಜಾಗಕ್ಕೆ ಜೋಡಿಸಿದರೆ ಅವೆಲ್ಲ ಅದರಡಿ ಮರೆಯಾಗುತ್ತವೆ, ಹಾಗಾಗಿ ಡಿಸ್ಕೇ ಮೊದಲು ಎಂದಳು. ಯಾರ ಒಪ್ಪಿಗೆಗೂ ಕಾಯದೆ, ಡಿಸ್ಕ್ ಕಾಯಲಿ ಎಂಬ ಸಾಲು ಅಳಿಸಿ ಮತ್ತೆ ಓಡಿಸಿದಳು. ಹಸಿರು ಸಾಲುಗಳು ಇಳಿದವು. ಶಹನಾಝರ ಹೆಸರಿಗೆ ಒಂದನೇ ನಂಬರ್ ಟೋಕನ್ ಬಂತು.

ಸರ್ ಕುರ್ಚಿ ಎಳೆದು ಕೂತರು. "ಇಷ್ಟು ಗೊತ್ತಿದ್ದು ಎರಡೂ ಯಾಕೆ ಬರೆದದ್ದು?"

"ಇನ್ನೊಮ್ಮೆ ಕೇಳಿದ್ರೆ ಬೈತೀರಿ ಅಂತ, ಸರ್."

ಅವರು ಪರದೆಯ ಹಸಿರು ಸಾಲುಗಳನ್ನು ನೋಡಿದರು. "ಬೈತೇನೆ. ಆದ್ರೂ ಕೇಳು. ಖಾಯಂ ಆದವರಿಗೂ ನಾನು ಬೈಯುವುದುಂಟು, ಇನ್ನು ನಿನಗೂ."

"ಹಾಗಾದ್ರೆ ನಾನು ಖಾಯಂ ಅಂತ ಅರ್ಥವಾ, ಸರ್?"

"ಈಗ ಅದನ್ನೇ ಹೇಳಿದ್ದಲ್ವಾ, ಮಾರಾಯ್ತಿ?" ಎಂದು ಲೋಕನಾಥ ಸರ್ ಬೈದರು.