ಓಟ ಮುಗಿಸದ ಕುದುರೆಗಳು

“ಎಡಗಾಲು ಬಿಸಿ ಇದೆ” ಎಂದು ನೆಲ್ಡಾ ಮೂರನೆಯ ಸಲ ಹೇಳಿದಾಗಲೂ ರಾಯ್ಸ್ ಕುದುರೆಯ ಕಾಲನ್ನು ನೋಡಲಿಲ್ಲ. ಲೊವೆಲ್‌ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ನೋಡಿದ.

“ಏನಂತೆ ನಿನ್ನ ಪೆಟ್ಟಿಗೆ, ಪ್ರೊಫೆಸರ್?”

ಲೊವೆಲ್ ಪ್ರೊಫೆಸರ್ ಅಲ್ಲ. ಕೆಂಟಕಿಯ ಒಂದು ಸಣ್ಣ ಊರಿನ ಭೂದಾಖಲೆ ಕಚೇರಿಯಲ್ಲಿ ಗುಮಾಸ್ತ. ಏಳು ವರ್ಷ ಸಂಜೆ ಕಾಲೇಜಿಗೆ ಹೋಗಿ ಸಂಖ್ಯಾಶಾಸ್ತ್ರದ ಪದವಿ ಪಡೆದವನು. ಅವನ ಅಕ್ಕನ ಗಂಡ ರಾಯ್ಸ್ ಟ್ಯಾಕೆಟ್ ಮಿಲ್ ಬೆಂಡ್ ರೇಸ್‌ಕೋರ್ಸಿನ ಹನ್ನೊಂದನೆಯ ಲಾಯದಲ್ಲಿ ಒಂಬತ್ತು ಕುದುರೆಗಳ ಟ್ರೈನರ್. ಪದವಿ ಬಂದ ದಿನ ಊಟದ ಮೇಜಿನಲ್ಲಿ ಆ ಹೆಸರಿಟ್ಟವನು ಅವನೇ. ಅದರಲ್ಲಿ ಒಂದು ಚೂರಾದರೂ ಗೌರವ ಇರಬಹುದೇ ಎಂದು ಲೊವೆಲ್ ಹನ್ನೆರಡು ವರ್ಷದಿಂದ ಹುಡುಕುತ್ತಿದ್ದ.

“ಮೊದಲನೇ ಸ್ಥಾನ ತೋರಿಸ್ತಾ ಇದೆ” ಎಂದ.

“ಯಾರು? ಇವನಾ?”

“ಟಿನ್ ಲ್ಯಾಂಟರ್ನ್. ಐದನೇ ರೇಸಿನ ಎಂಟು ಕುದುರೆಗಳಲ್ಲಿ ಇವನೇ ಮೇಲೆ. ಎರಡನೆಯದಕ್ಕೂ ಇವನಿಗೂ ಬಹಳ ಅಂತರ ಇದೆ.”

ಪರದೆಯ ಮೇಲೆ ಟಿನ್ ಲ್ಯಾಂಟರ್ನ್ ಹೆಸರಿನ ಪಕ್ಕದ ಚೌಕ ಗಾಢ ಹಸಿರಾಗಿತ್ತು; ಹಸಿರು ಹೆಚ್ಚಿದಷ್ಟೂ ಗೆಲುವು ಹತ್ತಿರ. ಅವನು ಓಟಗಳ ಲೆಕ್ಕ ಇಡುತ್ತಿದ್ದ ಸ್ಪ್ರೆಡ್‌ಶೀಟಿನ ಹೊಸ ಆವೃತ್ತಿ ಬಂದು ಮೂರು ವಾರ. ಹಳೆಯದರಲ್ಲಿ ಬಣ್ಣ ತಾನಾಗಿ ತುಂಬಿಕೊಳ್ಳುತ್ತಿರಲಿಲ್ಲ. ಅರವತ್ತೈದು ಸಾವಿರ ಸಾಲು ದಾಟಿದರೆ ಜಾಗವೂ ಇರಲಿಲ್ಲ. ಹೊಸ ಓಟಗಳಿಗಾಗಿ ಹಳೆಯ ಓಟಗಳನ್ನು ಅಳಿಸಬೇಕಾಗುತ್ತಿತ್ತು, ಪ್ರತಿ ಸಲವೂ ಲೊವೆಲ್‌ಗೆ ಏನೋ ಅಪರಾಧ ಮಾಡಿದಂತೆ ಅನ್ನಿಸುತ್ತಿತ್ತು. ಈಗ ಹತ್ತು ಲಕ್ಷಕ್ಕೂ ಮಿಕ್ಕಿ ಸಾಲುಗಳು. ಅಳಿಸಿದ್ದನ್ನೆಲ್ಲ ಹಳೆಯ ಡಿಸ್ಕುಗಳಿಂದ ಮರಳಿ ತಂದು ತುಂಬಿದ್ದ. ಎಂಬತ್ತು ಸಾವಿರ ತುಂಬಿದರೂ ಕೆಳಗೆ ಬರೀ ಬಿಳುಪು.

“ಪೆಟ್ಟಿಗೆ ಬಿಡು. ಕಾಲು ಮುಟ್ಟಿ ನೋಡು” ಎಂದಳು ನೆಲ್ಡಾ. ಕುದುರೆಯ ಮುಂದೆ ಮಂಡಿಯೂರಿ ಕೂತಿದ್ದಳು. ಅರವತ್ತರ ಹೆಂಗಸು, ಮೂವತ್ತು ವರ್ಷದಿಂದ ಬೆಳಗಿನ ಐದಕ್ಕೆ ಎದ್ದು ಕುದುರೆಗಳ ಕಾಲಿಗೆ ಪಟ್ಟಿ ಸುತ್ತುವವಳು. “ಬಾ, ಮುಟ್ಟು. ಕಚ್ಚಲ್ಲ.”

ಲೊವೆಲ್ ಏಳಲಿಲ್ಲ. ಎಂಬತ್ತು ಸಾವಿರ ಸಾಲು ತುಂಬಿಸಿದವನು ಒಂದು ಕುದುರೆಯ ಕಾಲನ್ನೂ ಮುಟ್ಟಿರಲಿಲ್ಲ. ಅದು ನೆಲ್ಡಾಗೆ ಗೊತ್ತಿತ್ತು.

“ನೋಡಿದ್ಯಾ? ಹೆದರ್ತಾನೆ” ಎಂದಳು ರಾಯ್ಸ್‌ಗೆ. “ರಾಯ್ಸ್, ಇವತ್ತು ಬೇಡ. ಜನವರಿಯಲ್ಲಿ ಅರ್ಧ ಓಟದಲ್ಲೇ ನಿಂತವನು ಇವನು. ನೆನಪಿದೆ ತಾನೇ?”

“ಅದು ಬೇರೆಯವರ ಲಾಯದಲ್ಲಿದ್ದಾಗ. ಜೀನು ಜಾರಿತ್ತು ಅಂದ್ರಲ್ಲ.”

“ಮಾರೋವಾಗ ಎಲ್ಲರ ಜೀನೂ ಜಾರುತ್ತೆ.”

ರಾಯ್ಸ್ ಹೊಗೆಸೊಪ್ಪು ಉಗಿದು ಬಾಯಿ ಒರೆಸಿಕೊಂಡ. ಹತ್ತು ವಾರದಿಂದ ಅವನ ಲಾಯದ ಒಂದು ಕುದುರೆಯೂ ಗೆದ್ದಿರಲಿಲ್ಲ. ಹತ್ತು ವಾರದ ಹಿಂದಾಗಿದ್ದರೆ ಅವನು ನೆಲ್ಡಾಳ ಮಾತನ್ನೇ ಕೇಳುತ್ತಿದ್ದ.

“ಲೊವೆಲ್” ಎಂದ. ಪ್ರೊಫೆಸರ್ ಅನ್ನಲಿಲ್ಲ. “ಜನವರಿ ಓಟಾನೂ ಸೇರಿಸೇ ತಾನೇ ನಿನ್ನ ಲೆಕ್ಕ?”

“ಸೇರಿಸಿದೀನಿ. ಎಲ್ಲಾ ಸೇರಿಸಿದೀನಿ.”

“ಆದ್ರೂ ಇವನೇ ಮೇಲೆ?”

“ಇವನೇ.”

“ಸರಿ. ಓಡ್ತಾನೆ.”

ನೆಲ್ಡಾ ಎದ್ದು ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಹೋಗುವಾಗ ಲೊವೆಲ್‌ನ ಮುಂದೆ ಒಂದು ಕ್ಷಣ ನಿಂತಳು. “ಒಳ್ಳೇದು. ನೀನು ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಬೆಚ್ಚಗಿರು” ಎಂದಳು.

ಮಧ್ಯಾಹ್ನ ಮೂರು ದಾಟಿದಾಗ ಲೊವೆಲ್ ಪ್ರೇಕ್ಷಕರ ಕಟ್ಟೆಯ ಮೇಲಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಗುರುವಾರವಾದ್ದರಿಂದ ಜನ ಕಡಿಮೆ. ಕೆಳಗೆ ಒಬ್ಬ ಮುದುಕ ಟಿಕೆಟ್ ಹರಿದು ಇನ್ನೊಬ್ಬನ ಟೋಪಿಯ ಮೇಲೆ ಉದುರಿಸುತ್ತಿದ್ದ. ಟೋಪಿಯವನು ತಲೆ ಎತ್ತಲೂ ಇಲ್ಲ.

ಲೊವೆಲ್ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ಅರ್ಧ ತಿಂದು ಲ್ಯಾಪ್‌ಟಾಪ್ ತೆರೆದ. ಪರಿಶೀಲಿಸುವುದಕ್ಕಲ್ಲ. ಆ ಹಸಿರನ್ನು ಇನ್ನೊಂದು ಸಲ ನೋಡುವುದಕ್ಕೆ. ರಾಯ್ಸ್ ತನ್ನನ್ನು ಹೆಸರು ಹಿಡಿದು ಕರೆದಿದ್ದ.

ಟಿನ್ ಲ್ಯಾಂಟರ್ನ್‌ನ ಹನ್ನೊಂದು ಓಟಗಳು ಒಂದರ ಕೆಳಗೊಂದು ಬಂದವು. ಗೆದ್ದ ಕುದುರೆಗಿಂತ ಎಷ್ಟು ಕುದುರೆಯುದ್ದ ಹಿಂದೆ ಎನ್ನುವ ಕಾಲಮ್ಮಿನಲ್ಲಿ ಆರು, ನಾಲ್ಕೂವರೆ, ಒಂಬತ್ತು, ಏಳು. ಎಲ್ಲ ಸಾಧಾರಣ, ತೆಳು ಹಳದಿ. ಕೊನೆಯ ಓಟವೆಂದು ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಪಡೆದ ಜನವರಿಯ ಸಾಲಿನಲ್ಲಿ ಮಾತ್ರ ಆ ಚೌಕ ಖಾಲಿ. ಪಕ್ಕದ ಅಂಕದ ಚೌಕದಲ್ಲಿ ಹಸಿರು. ಕಡು ಹಸಿರು.

ಅವನು ಸ್ಯಾಂಡ್‌ವಿಚ್ಚನ್ನು ಕಾಗದದ ಮೇಲೆ ನಿಧಾನ ಇಟ್ಟ.

ಹಳೆಯ ಶೀಟಿನಲ್ಲಿ ಓಟ ಮುಗಿಸದ ಕುದುರೆಗೆ ಒಂದು ಅಡ್ಡಗೆರೆ ಹಾಕುತ್ತಿದ್ದ. ಹಳೆಯ ಸೂತ್ರ ಗೆರೆ ಕಂಡರೆ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಹೊಸ ಆವೃತ್ತಿಗಾಗಿ ಸೂತ್ರವನ್ನು ಹೊಸದಾಗಿ ಬರೆದಾಗ ಗೆರೆ ಇದ್ದ ಕಡೆಯೆಲ್ಲ ತಪ್ಪಿನ ಗುರುತು ಬಂತು. ನೋಡಲು ಹೊಲಸಾಗಿತ್ತು. ಶುಚಿಯಾಗಿರಲೆಂದು ಎಲ್ಲ ಗೆರೆಗಳನ್ನೂ ಒಂದೇ ಆಜ್ಞೆಯಲ್ಲಿ ಅಳಿಸಿದ್ದ. ಯಂತ್ರ ತಕರಾರು ಮಾಡಲಿಲ್ಲ. ಖಾಲಿ ಚೌಕವನ್ನು ಸೊನ್ನೆ ಎಂದು ಎಣಿಸಿತು. ಗೆದ್ದವನಿಗಿಂತ ಸೊನ್ನೆ ಉದ್ದ ಹಿಂದೆ. ಅಂದರೆ ಗೆದ್ದವನೇ.

ಯಂತ್ರ ಹೇಳಿದಂತೆ ಮಾಡಿತ್ತು. ಹೇಳಿದವನು ತಾನು.

ಖಾಲಿ ಚೌಕದ ಸಾಲುಗಳನ್ನಷ್ಟೇ ಬೇರೆ ಮಾಡಿದ. ಮೂರು ಸಾವಿರದ ನೂರ ಹನ್ನೆರಡು. ನಿಂತವು, ಎಡವಿ ಬಿದ್ದವು, ಜಾಕಿಯನ್ನು ಕೆಡವಿ ಒಬ್ಬಂಟಿ ಓಡಿದವು, ಗಾಡಿಯಲ್ಲಿ ಹೊತ್ತೊಯ್ಯಲ್ಪಟ್ಟವು. ಕೆಲವು ಹೆಸರು ಅವನಿಗೆ ನೆನಪಿದ್ದವು. ಆ ಓಟದ ನಂತರ ಆ ಹೆಸರು ಮತ್ತೆ ಯಾವ ಸಾಲಿನಲ್ಲೂ ಬಂದಿರಲಿಲ್ಲ. ಎಲ್ಲವೂ ಮೇಲಿಂದ ಕೆಳಗಿನವರೆಗೆ ಹೊಲದ ಹಾಗೆ ಹಸಿರು. ಅವನ ಶೀಟಿನಲ್ಲಿ ಸತ್ತ ಕುದುರೆಗಳಷ್ಟು ಚೆನ್ನಾಗಿ ಯಾವುದೂ ಓಡಿರಲಿಲ್ಲ.

ಐದನೆಯ ರೇಸಿಗೆ ಹದಿನಾಲ್ಕು ನಿಮಿಷ ಎಂದು ಧ್ವನಿವರ್ಧಕ ಹೇಳಿತು.

ಲ್ಯಾಪ್‌ಟಾಪನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲಿಳಿದ. ಓಡಬೇಕೆಂದುಕೊಂಡ, ನಡೆದ. ಹೊತ್ತಿದೆ. ಓಟ ಶುರುವಾಗುವ ಗೇಟಿನ ಬಳಿ ಪಶುವೈದ್ಯ ನಿಂತಿರುತ್ತಾನೆ. ಟ್ರೈನರ್ ಒಂದು ಮಾತು ಹೇಳಿದರೆ, ಬಾಗಿಲು ತೆರೆಯುವವರೆಗೂ ಯಾವ ಕುದುರೆಯನ್ನಾದರೂ ಹಿಂದಕ್ಕೆ ಕಳಿಸಬಹುದು. ಒಂದು ಮಾತು. ಯಾವ ಮಾತು ಎಂದು ದಾರಿಯುದ್ದಕ್ಕೂ ಜೋಡಿಸಿದ. ತಪ್ಪಾಗಿದೆ ಎಂದರೆ ಸಾಕು. ತಪ್ಪು ಮಾಡಿದೆ ಎಂದರೆ ಇನ್ನೂ ಸರಿ. ಶುಚಿಯಾಗಿರಲಿ ಅಂತ ಮಾಡಿದೆ ಎಂದರೆ ನಗುತ್ತಾರೆ.

ಜೀನು ಕಟ್ಟುವ ಅಂಗಳದ ಬಿಳಿ ಬೇಲಿಯ ಹೊರಗೆ, ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತ. ರಾಯ್ಸ್ ಅವನನ್ನು ನೋಡಿ ಬೇಲಿಯ ಪುಟ್ಟ ಬಾಗಿಲು ತೆರೆದ.

“ಅಲ್ಲೇನು ನಿಂತಿದ್ದೀಯ ಭಿಕ್ಷುಕನ ಹಾಗೆ? ಒಳಗೆ ಬಾ.”

ಹನ್ನೆರಡು ವರ್ಷದಲ್ಲಿ ಮೊದಲ ಸಲ. ಒಳಗೆ ಮಣ್ಣು ಮೆತ್ತಗಿತ್ತು; ಬೂಟು ಹೂತುಹೋಯಿತು. ರಾಯ್ಸ್ ಅವನ ಹೆಗಲ ಮೇಲೆ ಕೈ ಹಾಕಿದ. ಕೈ ಭಾರವಾಗಿತ್ತು.

“ಎಲಿಸೆಯೊ, ಇವನು ನನ್ನ ಭಾಮೈದ. ಇವನ ಮಾತು ಕೇಳಿ ಓಡಿಸ್ತಿದೀವಿ ಇವತ್ತು.” ರಾಯ್ಸ್ ನಕ್ಕ. “ಗೆದ್ರೆ ಕುದುರೆ ನಂದು. ಸೋತ್ರೆ ಇವನ್ದು.”

ಜಾಕಿ ಎಲಿಸೆಯೊ ಲೊವೆಲ್‌ನ ಭುಜದಷ್ಟೂ ಎತ್ತರವಿರಲಿಲ್ಲ. ಕೈ ಕುಲುಕಿದ. ಅಂಗೈ ಒಣಗಿತ್ತು, ಬೆಚ್ಚಗಿತ್ತು.

“ರಾಯ್ಸ್, ಆ ಜನವರಿ ಓಟ…” ಎಂದ ಲೊವೆಲ್.

ಹೆಗಲ ಮೇಲಿನ ಕೈ ಅಲ್ಲಾಡಲಿಲ್ಲ. “ಏನದು?”

ಆಚೆ ಲಗಾಮು ಹಿಡಿದು ನಿಂತಿದ್ದ ನೆಲ್ಡಾ ತಿರುಗಿ ನೋಡಿದಳು. ಅವನು ಏನು ಹೇಳಲಿದ್ದಾನೆಂದು ಅವಳಿಗೆ ಆಗಲೇ ಗೊತ್ತಿದ್ದಂತಿತ್ತು. ಅವಳ ತುಟಿಯ ತುದಿ ಸ್ವಲ್ಪ ಮೇಲೆ ಹೋಯಿತು. ಆ ಸ್ವಲ್ಪ ಸಾಕಾಗಿತ್ತು.

“ಏನಿಲ್ಲ” ಎಂದ ಲೊವೆಲ್. “ಸೇರಿಸಿದೀನಿ.”

“ಬೆಳಿಗ್ಗೇನೇ ಹೇಳಿದ್ಯಲ್ಲ.”

“ಎಡಗಾಲು ಸ್ವಲ್ಪ ನೋಡ್ಕೊ” ಎಂದ ಲೊವೆಲ್, ಎಲಿಸೆಯೊಗೆ. ದನಿ ತನ್ನದಲ್ಲವೆನ್ನಿಸಿತು.

“ನೋಡೋಕೆ ಆಗಲ್ಲ ಸಾರ್” ಎಂದ ಎಲಿಸೆಯೊ. “ನಾನು ಮೇಲೆ ಕೂತಿರ್ತೀನಿ.”

ರಾಯ್ಸ್ ಗಹಗಹಿಸಿ ನಕ್ಕ. ಲೊವೆಲ್ ಕೂಡ ನಕ್ಕ. ನಗುತ್ತಿರುವಾಗಲೇ ರಾಯ್ಸ್ ಜಾಕಿಯ ಕಾಲನ್ನು ಅಂಗೈಯಲ್ಲಿ ಹಿಡಿದು ಮೇಲೆತ್ತಿದ. ಎಲಿಸೆಯೊ ಗರಿಯಂತೆ ಹಾರಿ ಕೂತ. ಟಿನ್ ಲ್ಯಾಂಟರ್ನ್ ಒಂದು ಸಲ ತಲೆ ಕೊಡವಿ ಬೇರೆ ಕುದುರೆಗಳ ಹಿಂದೆ ನಡೆಯಿತು. ಎಡಗಾಲು ಊರುವ ಬಗೆಯಲ್ಲಿ ಏನಾದರೂ ಇತ್ತೇ ಎಂದು ಲೊವೆಲ್ ದಿಟ್ಟಿಸಿದ. ಏನು ನೋಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ.

ಗೇಟಿನ ಬಳಿ ಕೋಟು ತೊಟ್ಟ ಪಶುವೈದ್ಯ ದೂರದಲ್ಲಿ ಚುಕ್ಕೆಯಷ್ಟು ಕಂಡ. ರಾಯ್ಸ್‌ನ ಸೊಂಟದಲ್ಲಿ ಫೋನಿತ್ತು. ಕೈ ಚಾಚಿದರೆ ಎಟುಕುವಷ್ಟು ಹತ್ತಿರ.

“ನಿನ್ನ ಪೆಟ್ಟಿಗೆ ತೆಗಿ” ಎಂದ ರಾಯ್ಸ್. “ಗೆದ್ದ ತಕ್ಷಣ ಬರಿ. ನಾನು ನೋಡ್ಬೇಕು.”

ಲೊವೆಲ್ ಬೇಲಿಯ ಕಂಬದ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದ. ಗಂಟೆ ಹೊಡೆಯಿತು. ಬಾಗಿಲುಗಳು ಒಟ್ಟಿಗೆ ಸಿಡಿದವು. ಎಂಟು ಕುದುರೆಗಳು ತಿರುವಿನಲ್ಲಿ ಒಂದೇ ಮುದ್ದೆಯಾಗಿ ಬಾಗಿ ದೊಡ್ಡ ಅಂಕಿಗಳ ಫಲಕದ ಹಿಂದೆ ಮರೆಯಾದವು. ಅವುಗಳ ಹಿಂದೆ, ಹೊರಗಿನ ರಸ್ತೆಯಲ್ಲಿ, ಪ್ರತಿ ಓಟದಲ್ಲೂ ಹಿಂಬಾಲಿಸುವ ಉದ್ದನೆಯ ಬಿಳಿ ಗಾಡಿ ಅವಸರವಿಲ್ಲದೆ ಹೋಗುತ್ತಿತ್ತು. ಅದರೊಳಗೆ ಒಂದು ಕುದುರೆ ನಿಲ್ಲುವಷ್ಟು ಜಾಗ ಖಾಲಿಯಿತ್ತು.

ಫಲಕದ ಆಚೆಯ ತುದಿಯಿಂದ ಕುದುರೆಗಳು ಹೊರಬರತೊಡಗಿದವು. ಪಕ್ಕದಲ್ಲಿ ರಾಯ್ಸ್ ಎಣಿಸುತ್ತಿದ್ದ. ನಾಲ್ಕು. ಐದು. ಆರು.

ಲೊವೆಲ್ ತಲೆ ಎತ್ತಲಿಲ್ಲ. ಪರದೆಯಲ್ಲಿ ಇಂದಿನ ತಾರೀಕು, ಐದನೆಯ ರೇಸು, ಟಿನ್ ಲ್ಯಾಂಟರ್ನ್; ಮುಂದೆ ಇನ್ನೂ ಏನೂ ಬರೆಯದ ಚೌಕ. ಅದರ ಪಕ್ಕ ಆಗಲೇ ಹಸಿರಾಗಿತ್ತು.